ಅಧಿಕಾರದ ಎಲ್ಲೆಕಲ್ಲುಗಳು

ಹಳ್ಳಿಗಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಎಲ್ಲೆಕಲ್ಲಿನ ಮಹತ್ವವನ್ನು ವಿವರಿಸಬೇಕಾಗಿಲ್ಲ. ಹೊಲದ ಬದುವಿನ ಮೂಲೆಯಲ್ಲಿ ಅರ್ಧ ಹೂತುಹೋದ ಆ ಕಲ್ಲು ನೋಡುವುದಕ್ಕೆ ಏನೂ ಅಲ್ಲ. ಆದರೆ ಯಾರಾದರೂ ರಾತ್ರೋರಾತ್ರಿ ಅದನ್ನು ಒಂದು ಮೊಳ ಸರಿಸಿದರೆ ಸಾಕು, ಎರಡು ಮನೆತನಗಳು ಎರಡು ತಲೆಮಾರು ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿಯುತ್ತವೆ. ಹಿರಿಯರು ನೆಟ್ಟ ಆ ಕಲ್ಲನ್ನು ಸರಿಸಕೂಡದೆಂದು ಧರ್ಮೋಪದೇಶಕಾಂಡದ 19ನೆಯ ಅಧ್ಯಾಯ ಆಜ್ಞಾಪಿಸುತ್ತದೆ. 27ನೆಯ ಅಧ್ಯಾಯವಂತೂ ಸರಿಸಿದವನನ್ನು ಶಾಪಗ್ರಸ್ತರ ಸಾಲಿನಲ್ಲಿ ನಿಲ್ಲಿಸುತ್ತದೆ. ಭೂಮಿಯನ್ನು ಕುರಿತ ಈ ಆಜ್ಞೆ ಅಧಿಕಾರಕ್ಕೂ ಸಲ್ಲುತ್ತದೆಂದು ನನಗೆ ಬಹುಕಾಲದಿಂದ ಅನ್ನಿಸಿದೆ. ಕುಟುಂಬ, ಧರ್ಮಸಭೆ, ರಾಜ್ಯ ಎಂಬ ಮೂರು ಹೊಲಗಳಿಗೂ ಒಡೆಯನು ಒಬ್ಬನೇ. ಉಳುಮೆಗೆ ಮಾತ್ರ ಬೇರೆ ಬೇರೆಯವರನ್ನು ನೇಮಿಸಿ, ನಡುವೆ ಕಲ್ಲು ನೆಟ್ಟಿದ್ದಾನೆ.

ಅಧಿಕಾರದ ಮಿತಿಯನ್ನು ಕುರಿತು ಮಾತನಾಡುವಾಗ ಯಾಜಕರಾದ ನಮಗೆ ಥಟ್ಟನೆ ನೆನಪಾಗುವುದು ಅರಸರ ಅತಿಕ್ರಮ. ನೀರೋ ಚಕ್ರವರ್ತಿ, ಇಂಗ್ಲೆಂಡಿನ ಎಂಟನೆಯ ಹೆನ್ರಿ, ಹಿಟ್ಲರ್, ಹೀಗೆ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಈ ಬಾರಿ ಆ ಪಟ್ಟಿಯನ್ನು ಬದಿಗಿಟ್ಟು, ನಮ್ಮವರೇ ಕಲ್ಲು ಸರಿಸಿದ ಒಂದು ಮನೆಯ ಮುಂದೆ ಓದುಗರನ್ನು ಕರೆದೊಯ್ಯಬೇಕೆಂದಿದ್ದೇನೆ. ನೋಯಿಸುವ ಸಂಗತಿಯೆಂದು ತಿಳಿದೇ ಬರೆಯುತ್ತಿದ್ದೇನೆ.

1858ರ ಜೂನ್ 23, ಸಂಜೆ. ಇಟಲಿಯ ಬೊಲೊನ್ಯ ನಗರ. ಆ ಕಾಲದಲ್ಲಿ ಮಧ್ಯ ಇಟಲಿಯ ಬಹುಭಾಗಕ್ಕೆ ಜಗದ್ಗುರು ಪೋಪರೇ ಅರಸರು. ಅವರ ರಾಜ್ಯದಲ್ಲಿ ರೋಮಿನ ನಂತರದ ದೊಡ್ಡ ಪಟ್ಟಣ ಬೊಲೊನ್ಯ. ಅಲ್ಲಿ ಮೊಮೊಲೊ ಮೊರ್ತಾರಾ ಎಂಬ ಯೆಹೂದ್ಯ ವರ್ತಕ, ಪತ್ನಿ ಮರಿಯಾನ್ನಾ ಮತ್ತು ಮಕ್ಕಳೊಡನೆ ವಾಸವಾಗಿದ್ದ. ಅಂದು ಪೋಪರ ರಾಜ್ಯದ ಪೊಲೀಸರು ಆ ಮನೆಯ ಬಾಗಿಲು ತಟ್ಟಿದರು. ಮಕ್ಕಳ ಹೆಸರುಗಳನ್ನೆಲ್ಲ ಕೇಳಿ ಬರೆದುಕೊಂಡರು. ಬಳಿಕ, ಆರು ವರ್ಷದ ಎದ್ಗಾರ್ದೊಗೆ ಜ್ಞಾನಸ್ನಾನವಾಗಿರುವುದರಿಂದ ಅವನನ್ನು ಕರೆದೊಯ್ಯಲು ಅಪ್ಪಣೆಯಾಗಿದೆ ಎಂದರು.

ತಂದೆತಾಯಿಗಳಿಗೆ ತಲೆಬುಡ ತಿಳಿಯಲಿಲ್ಲ. ಯಾವಾಗ ಜ್ಞಾನಸ್ನಾನ? ಕೊಟ್ಟವರು ಯಾರು? ಆಪ್ತರು ರಾತ್ರಿಯಲ್ಲಿಯೇ ಸಂತ ದೊಮಿನಿಕರ ಮಠಕ್ಕೆ ಓಡಿ, ಧರ್ಮವಿಚಾರಣಾಧಿಕಾರಿಯಾಗಿದ್ದ ಫಾದರ್ ಫೆಲೆತ್ತಿಯವರ ಕಾಲಿಗೆ ಬಿದ್ದರು. ದೊರೆತದ್ದು ಒಂದು ದಿನದ ಗಡುವು ಮಾತ್ರ. ಆ ಇಡೀ ದಿನ ತಾಯಿ ಮಗುವನ್ನು ಬಿಟ್ಟು ಕದಲಲಿಲ್ಲ. ಕಡೆಗೆ ಬಂಧುಗಳು ಆಕೆಯನ್ನು ಬಲವಂತದಿಂದ ಬೇರೆ ಮನೆಗೆ ಸಾಗಿಸಬೇಕಾಯಿತು. ಜೂನ್ 24ರ ಸಂಜೆ ಪೊಲೀಸರು ಹುಡುಗನನ್ನು ತಂದೆಯ ತೋಳಿನಿಂದ ಬಿಡಿಸಿ ಗಾಡಿಯಲ್ಲಿ ಕೂರಿಸಿಕೊಂಡು ಹೊರಟುಹೋದರು. ಗಾಡಿ ಸೇರಿದ್ದು ರೋಮಿಗೆ. ಅಲ್ಲಿ ಹೊಸ ವಿಶ್ವಾಸಿಗಳಿಗಾಗಿ ನಡೆಸುತ್ತಿದ್ದ ನಿಲಯಕ್ಕೆ.

ನಡೆದದ್ದಿಷ್ಟು. ಆ ಮನೆಯಲ್ಲಿ ಅನ್ನಾ ಮೊರಿಸಿ ಎಂಬ ಕಥೋಲಿಕ ಹುಡುಗಿ ಕೆಲಸಕ್ಕಿದ್ದಳು. ಎದ್ಗಾರ್ದೊ ಹಸುಗೂಸಾಗಿದ್ದಾಗ ಕಾಯಿಲೆ ಬಿದ್ದ. ಉಳಿಯುವುದಿಲ್ಲವೆಂದು ಹೆದರಿದ ಆಕೆ ಯಾರಿಗೂ ತಿಳಿಯದಂತೆ ನೀರು ಚಿಮುಕಿಸಿ ಜ್ಞಾನಸ್ನಾನ ಮಾಡಿಸಿದೆನೆಂದು ಹೇಳಿದಳು. ಮಗು ಚೇತರಿಸಿಕೊಂಡಿತು. ಅವಳು ಸುಮ್ಮನಾದಳು. ಐದಾರು ವರ್ಷಗಳ ನಂತರ ಮಾತು ಬಾಯಿಂದ ಬಾಯಿಗೆ ಹರಡಿ ವಿಚಾರಣಾಧಿಕಾರಿಯ ಕಿವಿ ಮುಟ್ಟಿತು. ಆ ಹುಡುಗಿಯನ್ನು ನಾನು ದೂಷಿಸಲಾರೆ. ಅವಳು ತನಗೆ ತಿಳಿದಷ್ಟು ಪ್ರೀತಿಯಿಂದ ಮಾಡಿದಳು. ಪ್ರಶ್ನೆ ಇರುವುದು ಅವಳಿಗಿಂತ ಬಹಳ ಹೆಚ್ಚು ತಿಳಿದವರ ಬಗ್ಗೆ.

ಅವರ ತರ್ಕವನ್ನೂ ನ್ಯಾಯವಾಗಿ ಹೇಳಬೇಕು. ಹದಿನಾಲ್ಕನೆಯ ಬೆನೆಡಿಕ್ಟರು 1747ರಲ್ಲಿ ಹೊರಡಿಸಿದ ಪತ್ರವೊಂದರ ಪ್ರಕಾರ, ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಯೆಹೂದ್ಯ ಶಿಶುವಿಗೆ ಜ್ಞಾನಸ್ನಾನ ಕೊಡುವುದು ಸಾಮಾನ್ಯವಾಗಿ ನಿಷಿದ್ಧ. ಆದರೆ ಒಮ್ಮೆ ಕೊಟ್ಟಿದ್ದರೆ ಅದು ಸಿಂಧು. ಸಂಸ್ಕಾರ ಪಡೆದ ಮಗು ಕ್ರೈಸ್ತ ಮಗು. ಅದನ್ನು ಕ್ರೈಸ್ತೇತರರ ಕೈಯಲ್ಲಿ ಬಿಡಲಾಗದು. ಗುರುಮಠದಲ್ಲಿ ತರ್ಕಶಾಸ್ತ್ರ ಓದಿದವರಿಗೆ ಈ ಸರಪಳಿಯಲ್ಲಿ ಒಂದು ಕೊಂಡಿಯೂ ಸಡಿಲವೆನಿಸುವುದಿಲ್ಲ. ಭಯ ಹುಟ್ಟಿಸುವುದೂ ಅದೇ. ಒಂದು ತಪ್ಪನ್ನು ನಿಷೇಧಿಸಿದ ಕಾನೂನೇ, ಆ ತಪ್ಪು ನಡೆದ ಮೇಲೆ ಅದರ ಫಲವನ್ನು ಕಾಯುವ ಪೊಲೀಸನಾಯಿತು.

ಸಂತ ತೋಮಸ್ ಅಕ್ವಿನಾಸರು ಇದಕ್ಕೆ ಆರು ಶತಮಾನಗಳ ಹಿಂದೆಯೇ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಯೆಹೂದ್ಯರ ಮಕ್ಕಳಿಗೆ ಹೆತ್ತವರ ಇಚ್ಛೆಗೆ ವಿರುದ್ಧವಾಗಿ ಜ್ಞಾನಸ್ನಾನ ಕೊಡಬಹುದೇ? ಕೂಡದು ಎಂಬುದು ಅವರ ಉತ್ತರ. ಕಾರಣ, ಅದು ನಿಸರ್ಗನ್ಯಾಯಕ್ಕೆ ವಿರುದ್ಧ. ಹುಟ್ಟುವ ಮುನ್ನ ತಾಯಿಯ ಗರ್ಭ ಮಗುವನ್ನು ಆವರಿಸಿರುವಂತೆ, ಹುಟ್ಟಿದ ಮೇಲೆ ವಿವೇಕ ಬಲಿಯುವವರೆಗೂ ತಂದೆತಾಯಿಗಳ ಪಾಲನೆ ಇನ್ನೊಂದು ಗರ್ಭದಂತೆ ಅದನ್ನು ಆವರಿಸಿರುತ್ತದೆ ಎಂಬ ಹೋಲಿಕೆಯನ್ನು ಅವರು ಕೊಡುತ್ತಾರೆ. ದೇವರೇ ನೆಟ್ಟ ಆ ಕ್ರಮವನ್ನು ದೇವರ ಹೆಸರಿನಲ್ಲಿಯೂ ಮೀರುವಂತಿಲ್ಲ. 1858ರಲ್ಲಿ ರೋಮಿನವರಿಗೆ ಅಕ್ವಿನಾಸರು ಅಪರಿಚಿತರೇನಾಗಿರಲಿಲ್ಲ. ಅವರು ಹೇಳಿದ್ದು ಕೊಡುವುದರ ಬಗ್ಗೆ, ಇಲ್ಲಿ ಈಗಾಗಲೇ ಕೊಟ್ಟಾಗಿದೆ ಎಂಬ ಸಮಜಾಯಿಷಿ ಸಿದ್ಧವಿತ್ತು.

ಈಗ ಪವಿತ್ರ ಗ್ರಂಥಕ್ಕೆ ಬರೋಣ. ಅಧಿಕಾರದ ಬಗ್ಗೆ ಬೈಬಲು ಒಂದೇ ಕಡೆ ಕುಳಿತು ಶಾಸ್ತ್ರ ಹೇಳುವುದಿಲ್ಲ. ಗಡಿ ದಾಟಿದವರ ಕಥೆಗಳನ್ನು ಹೇಳುತ್ತದೆ. ಇಸ್ರಯೇಲರು ತಮಗೂ ಅರಸ ಬೇಕೆಂದು ಹಟ ಹಿಡಿದಾಗ ಪ್ರವಾದಿ ಸಮುವೇಲನು ಕೊಟ್ಟ ಎಚ್ಚರಿಕೆಯಲ್ಲಿ 'ತೆಗೆದುಕೊಳ್ಳುವನು' ಎಂಬ ಕ್ರಿಯಾಪದ ಮತ್ತೆ ಮತ್ತೆ ಬರುತ್ತದೆ. ತೆಗೆದುಕೊಳ್ಳುವ ವಸ್ತುಗಳ ಪೈಕಿ ಮೊದಲನೆಯದು ಹೊಲವಲ್ಲ, ದ್ರಾಕ್ಷಿತೋಟವಲ್ಲ, ಗಂಡುಮಕ್ಕಳು. ಅನಂತರ ಹೆಣ್ಣುಮಕ್ಕಳು. ರಾಜ್ಯದ ಕೈ ಮೊದಲು ಚಾಚುವುದು ತೊಟ್ಟಿಲಿನತ್ತ ಎಂಬುದನ್ನು ಸಮುವೇಲನು ಬಲ್ಲವನಾಗಿದ್ದ. ಐಗುಪ್ತದಲ್ಲಿ ಫರೋಹನ ಕಾಲದಲ್ಲಿ ನಡೆದದ್ದೂ ಅದೇ. ಅರಸನ ಆಜ್ಞೆಯನ್ನು ಮೀರಿ ಕೂಸುಗಳನ್ನು ಉಳಿಸಿದ ಇಬ್ಬರು ಸೂಲಗಿತ್ತಿಯರ ಹೆಸರುಗಳನ್ನು ವಿಮೋಚನಾಕಾಂಡ ದಾಖಲಿಸಿದೆ. ಫರೋಹನ ಹೆಸರನ್ನು ದಾಖಲಿಸಿಲ್ಲ.

ಅರಸ ಉಜ್ಜೀಯನ ಕಥೆ ಇನ್ನೊಂದು ದಿಕ್ಕಿನದು. ಪೂರ್ವಕಾಲದ ಇತಿಹಾಸ ಎರಡನೆಯ ಭಾಗದ 26ನೆಯ ಅಧ್ಯಾಯದಲ್ಲಿ ಅವನನ್ನು ಕೆಟ್ಟವನೆಂದು ಚಿತ್ರಿಸಿಲ್ಲ. ಕೋಟೆ ಕಟ್ಟಿಸಿದ, ಬಾವಿ ತೋಡಿಸಿದ, ಬೇಸಾಯವನ್ನು ಪ್ರೀತಿಸಿದ. ಆದರೆ ಬಲಗೊಂಡ ಮೇಲೆ ಒಂದು ದಿನ ಧೂಪಾರತಿ ಕೈಗೆತ್ತಿಕೊಂಡು ದೇವಾಲಯದೊಳಗೆ ನಡೆದ. ಎಂಬತ್ತು ಮಂದಿ ಯಾಜಕರು ಅವನನ್ನು ಅಡ್ಡಗಟ್ಟಿದರು. ಅಲ್ಲಿಯೇ ಹಣೆಯ ಮೇಲೆ ಕುಷ್ಠ ಮೂಡಿ, ಸಾಯುವವರೆಗೂ ಪ್ರತ್ಯೇಕ ಮನೆಯಲ್ಲಿ ಬದುಕಿದ. ಈ ಅಧ್ಯಾಯವನ್ನು ಓದಿ ಯಾಜಕರಾದ ನಾವು ಸಂತೋಷಪಡುವುದುಂಟು. ಆದರೆ ಅಲ್ಲಿಗೇ ಪುಸ್ತಕ ಮುಚ್ಚಬಾರದು.

ಕುಟುಂಬಕ್ಕೂ ಮಿತಿಯಿದೆ. ರೋಮನರ ಕಾನೂನಿನಲ್ಲಿ ತಂದೆಗೆ ಮಕ್ಕಳ ಜೀವದ ಮೇಲೂ ಹಕ್ಕಿತ್ತು. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿ ಮಾತು ಕೇಳದ ಮಗನನ್ನು ಕುರಿತು ಒಂದು ಭಯಂಕರ ಕಟ್ಟಳೆ ಇದೆ, ಕಲ್ಲೆಸೆದು ಕೊಲ್ಲಬೇಕೆನ್ನುತ್ತದೆ. ಕಟ್ಟಳೆಯ ಕ್ರೂರತೆಯಲ್ಲಿ ನಮ್ಮ ಕಣ್ಣಿಗೆ ಬೀಳದೆ ಹೋಗುವುದು ಇದು: ತಂದೆಯೊಬ್ಬನೇ ತೀರ್ಪು ಕೊಡುವಂತಿಲ್ಲ, ತಾಯಿಯೂ ಜೊತೆಗಿರಬೇಕು, ಇಬ್ಬರೂ ಊರ ಬಾಗಿಲಿಗೆ ಹೋಗಿ ಹಿರಿಯರ ಮುಂದೆ ಹೇಳಬೇಕು. ಮನೆಯೊಳಗಿನ ಸಿಟ್ಟು ಮನೆಯೊಳಗೇ ಜೀವ ತೆಗೆಯುವಂತಿಲ್ಲ. ಮುಂದೆ ಯೆಹೂದ್ಯ ಗುರುಗಳು ಈ ಕಟ್ಟಳೆಗೆ ಎಷ್ಟೊಂದು ಷರತ್ತುಗಳನ್ನು ಸೇರಿಸಿದರೆಂದರೆ, ಇಂಥ ಮಗ ಎಂದೂ ಇರಲೇ ಇಲ್ಲ, ಇರುವುದೂ ಇಲ್ಲ ಎಂದು ಅವರಲ್ಲಿ ಕೆಲವರು ಹೇಳುವಷ್ಟು. ಮನೆತನದ ಮಾನದ ಹೆಸರಿನಲ್ಲಿ ಹೆತ್ತ ಮಗಳನ್ನೇ ಕೊಲ್ಲುವ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಓದುವಾಗ ಆ ಊರ ಬಾಗಿಲು ನನಗೆ ನೆನಪಾಗುತ್ತದೆ.

ಇನ್ನು ಬಲಿಪೀಠ. ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಫರಿಸಾಯರೊಡನೆ 'ಕೊರ್ಬಾನ್' ಎಂಬ ಪದದ ಬಗ್ಗೆ ವಾದಿಸುತ್ತಾರೆ. ಕೊರ್ಬಾನ್ ಎಂದರೆ ದೇವರಿಗೆ ಮುಡಿಪು. ಒಬ್ಬನು ತನ್ನ ಆಸ್ತಿಯನ್ನು ಕೊರ್ಬಾನ್ ಎಂದು ಘೋಷಿಸಿಬಿಟ್ಟರೆ ಮುಪ್ಪಿನ ತಂದೆತಾಯಿಗಳಿಗೆ ಅದರಿಂದ ಏನನ್ನೂ ಕೊಡಬೇಕಾಗಿರಲಿಲ್ಲ, ಕೊಡಲು ಬಿಡುತ್ತಲೂ ಇರಲಿಲ್ಲ. ಹೆತ್ತವರ ಋಣವನ್ನು ದೇವಾಲಯದ ಹೆಸರಿನಲ್ಲಿ ನುಂಗುವ ಈ ಪದ್ಧತಿಯನ್ನು ಪ್ರಭುಗಳು ದೇವರ ಆಜ್ಞೆಯ ಉಲ್ಲಂಘನೆ ಎಂದೇ ಕರೆದರು. ಚಕ್ರವರ್ತಿಯ ನಾಣ್ಯದ ಪ್ರಸಂಗವನ್ನು ನಾವು ಎಷ್ಟೋ ಪ್ರಬೋಧನೆಗಳಲ್ಲಿ ಕೇಳಿದ್ದೇವೆ, ನಾನೂ ಎಷ್ಟೋ ಸಲ ಹೇಳಿದ್ದೇನೆ. ಕೊರ್ಬಾನ್ ಕುರಿತು ಪ್ರಬೋಧನೆ ಮಾಡಿದ್ದು ಮಾತ್ರ ನನಗೆ ನೆನಪಿಲ್ಲ.

ಅದಕ್ಕೆ ಕಾರಣವೂ ಇರಬಹುದು. ಸುಮಾರು 25 ವರ್ಷಗಳ ಹಿಂದೆ, ಹೊಸದಾಗಿ ಅಭಿಷಿಕ್ತನಾದ ನಾನು ಕಿರಿಯ ಗುರುಮಠವೊಂದರಲ್ಲಿ ಹುಡುಗರ ಮೇಲ್ವಿಚಾರಕನಾಗಿದ್ದೆ. ಮಳೆಗಾಲದ ಆರಂಭದಲ್ಲಿ ಒಬ್ಬ ಹುಡುಗನ ತಾಯಿ ಹಲಸಿನ ಹಣ್ಣೊಂದನ್ನು ಹೊತ್ತುಕೊಂಡು ಬಂದರು. ಗಂಡ ಹಾಸಿಗೆ ಹಿಡಿದಿದ್ದಾರೆ, ನಾಟಿ ಮುಗಿಯುವವರೆಗೆ ಮಗನನ್ನು ಕಳುಹಿಸಿಕೊಡಿ, ಮತ್ತೆ ನಾನೇ ತಂದು ಬಿಡುತ್ತೇನೆ ಎಂದು ಕೇಳಿದರು. ನೇಗಿಲಿಗೆ ಕೈಯಿಟ್ಟವನು ಹಿಂದಿರುಗಿ ನೋಡಬಾರದೆಂಬ ಪ್ರಭುವಿನ ಮಾತನ್ನು ಆಕೆಗೆ ಉಪದೇಶಿಸಿ, ಮಗನೀಗ ದೇವರ ಸೊತ್ತು ಎಂದು ಹೇಳಿ ಕಳುಹಿಸಿದೆ. ಆಕೆ ಎದುರಾಡಲಿಲ್ಲ. ಹಣ್ಣನ್ನು ಅಡುಗೆಮನೆಯಲ್ಲಿಟ್ಟು ಹೋದರು. ಆ ಮಳೆಗಾಲ ಮುಗಿಯುವ ಮೊದಲೇ ತಂದೆ ತೀರಿಕೊಂಡರು. ಹುಡುಗ ಹೋದದ್ದು ಮಣ್ಣಿಗೆ. ಎಲೀಷನು ತಂದೆತಾಯಿಗಳಿಗೆ ಮುದ್ದಿಟ್ಟು ಬರುತ್ತೇನೆಂದಾಗ ಪ್ರವಾದಿ ಎಲೀಯನು ಅವನನ್ನು ತಡೆಯಲಿಲ್ಲವೆಂಬುದನ್ನು ನಾನು ಆಗಲೇ ಓದಿದ್ದೆ. ಆ ಹೊತ್ತಿಗೆ ಬೇಕಾಗಿದ್ದ ವಾಕ್ಯವನ್ನು ಮಾತ್ರ ಆರಿಸಿಕೊಂಡಿದ್ದೆ.

ಹನ್ನಳ ಕಥೆ ಇಲ್ಲಿ ಸೇರಬೇಕು. ಅವಳ ಮಗ ಸಮುವೇಲನೂ ದೇವಾಲಯದಲ್ಲಿ ಬೆಳೆದವನೇ. ಆದರೆ ಹರಕೆ ಹೊತ್ತವಳು ತಾಯಿ, ಮೊಲೆ ಬಿಡಿಸಿದ ಮೇಲೆ ಕರೆತಂದು ಒಪ್ಪಿಸಿದವಳೂ ತಾಯಿ. ಯಾಜಕ ಏಲಿ ಕೇಳಿ ಪಡೆದದ್ದಲ್ಲ. ಒಪ್ಪಿಸಿದ ಮೇಲೂ ನಂಟು ಹರಿಯಲಿಲ್ಲ. ವರ್ಷ ವರ್ಷವೂ ಅವಳು ಮಗನಿಗೆ ಒಂದು ಪುಟ್ಟ ಅಂಗಿ ಹೊಲಿದು ತರುತ್ತಿದ್ದಳು ಎಂಬ ವಿವರವನ್ನು ಗ್ರಂಥಕರ್ತ ಬಿಟ್ಟಿಲ್ಲ. ಬೊಲೊನ್ಯದ ಮರಿಯಾನ್ನಾ ರೋಮಿಗೆ ಹೋಗಿ ಮಗನನ್ನು ಕಂಡದ್ದು ಅಕ್ಟೋಬರಿನಲ್ಲಿ, ನಿಲಯದವರ ಸಮ್ಮುಖದಲ್ಲಿ.

ಮೊರ್ತಾರಾ ಕುಟುಂಬದ ದೂರು ಯುರೋಪನ್ನೆಲ್ಲ ಕಲಕಿತು. ಪೋಪರ ರಕ್ಷಣೆಗೆ ರೋಮಿನಲ್ಲಿ ಸೇನೆಯಿರಿಸಿದ್ದ ಫ್ರಾನ್ಸಿನ ಮೂರನೆಯ ನೆಪೋಲಿಯನನೂ ಮಗುವನ್ನು ಹಿಂದಿರುಗಿಸಲು ಒತ್ತಾಯಿಸಿದ. ಒಂಬತ್ತನೆಯ ಪಯಸರು ಒಪ್ಪಲಿಲ್ಲ. ಅವರು ಎದ್ಗಾರ್ದೊನನ್ನು ಪ್ರೀತಿಯಿಂದಲೇ ನೋಡಿಕೊಂಡರು, ಮಗನಂತೆಯೇ ಸಾಕಿದರು. ಇದರಲ್ಲಿ ಸಂಶಯವಿಲ್ಲ. ಆದರೆ ಹುಡುಗನಿಗೆ ತಂದೆಯೊಬ್ಬನಿದ್ದ. 1859ರಲ್ಲಿ ಬೊಲೊನ್ಯ ಪೋಪರ ಕೈತಪ್ಪಿತು. ಮರುವರ್ಷ ಫೆಲೆತ್ತಿಯವರನ್ನು ಹೊಸ ಸರಕಾರ ಬಂಧಿಸಿ ವಿಚಾರಣೆಗೆ ಗುರಿಪಡಿಸಿತು. ಮೇಲಿನವರ ಆಜ್ಞೆಯನ್ನು ಪಾಲಿಸಿದರೆಂಬ ಕಾರಣಕ್ಕೆ ಅವರ ಬಿಡುಗಡೆಯಾಯಿತು. 1870ರ ಸೆಪ್ಟೆಂಬರ್ 20ರಂದು ರೋಮ್ ನಗರವೂ ಕೈತಪ್ಪಿ ಪೋಪರ ರಾಜ್ಯಾಧಿಕಾರ ಮುಗಿಯಿತು. ಅಂದು ಅದನ್ನು ಮಹಾ ಆಪತ್ತೆಂದು ಭಾವಿಸಿದವರೇ ಹೆಚ್ಚು. ಪೊಲೀಸರನ್ನು ಕಳುಹಿಸುವ ಶಕ್ತಿ ಕಳೆದುಕೊಂಡದ್ದು ಧರ್ಮಸಭೆಗೆ ದೇವರು ಮಾಡಿದ ಉಪಕಾರವೆಂದು ನನ್ನ ಎಣಿಕೆ.

ಮುಂದಿನ ಪ್ರಸಂಗ ಸಾಗರದಾಚೆಯದು, ಅಲ್ಲಿ ಬಾಗಿಲ ಮುಂದೆ ನಿಂತದ್ದು ರಾಜ್ಯ. ಅಮೆರಿಕದ ಓರೆಗಾನ್ ರಾಜ್ಯದಲ್ಲಿ 1922ರಲ್ಲಿ ಜನಮತದಿಂದ ಒಂದು ಕಾನೂನು ಬಂತು. 8ರಿಂದ 16 ವರ್ಷದ ಮಕ್ಕಳೆಲ್ಲರೂ ಸರಕಾರಿ ಶಾಲೆಗೇ ಹೋಗಬೇಕು. ಎಲ್ಲ ಮಕ್ಕಳನ್ನೂ ಒಂದೇ ಎರಕದ ಅಮೆರಿಕನರನ್ನಾಗಿ ಮಾಡುವ ಉತ್ಸಾಹದ ಹಿಂದೆ ಕು ಕ್ಲುಕ್ಸ್ ಕ್ಲಾನ್ ಎಂಬ ದ್ವೇಷಸಂಘದ ಬೆಂಬಲವಿತ್ತು, ಕಥೋಲಿಕ ಶಾಲೆಗಳನ್ನು ಮುಚ್ಚಿಸುವ ಉದ್ದೇಶವೂ ಇತ್ತು. 1859ರಿಂದ ಅಲ್ಲಿ ಶಾಲೆ ನಡೆಸುತ್ತಿದ್ದ ಕನ್ಯಾಸ್ತ್ರೀಯರ ಸಭೆಯೊಂದು, ಯೇಸುಮರಿಯರ ಪವಿತ್ರ ನಾಮಗಳ ಸೋದರಿಯರು, ನ್ಯಾಯಾಲಯದ ಮೊರೆಹೊಕ್ಕಿತು. 1925ರ ಜೂನ್ 1ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಆ ಕಾನೂನನ್ನು ತಳ್ಳಿಹಾಕಿತು. ಮಗು ಕೇವಲ ರಾಜ್ಯದ ಸೃಷ್ಟಿಯಲ್ಲ, ಅದನ್ನು ಸಾಕಿ ಸಲಹುವವರಿಗೆ ಅದರ ಭವಿಷ್ಯವನ್ನು ರೂಪಿಸುವ ಹಕ್ಕೂ ಹೊಣೆಯೂ ಇದೆ ಎಂಬುದು ತೀರ್ಪಿನ ಸಾರ.

ಈ ಮಾತು ರೋಮಿನವರೆಗೂ ತಲುಪಿತು. ಆಗ ಇಟಲಿಯ ಮಕ್ಕಳಿಗೆ ಕಪ್ಪು ಅಂಗಿ ತೊಡಿಸಿ ಕವಾಯತು ಮಾಡಿಸುತ್ತಿದ್ದ ಮುಸೊಲಿನಿ, ಯುವಜನರ ಶಿಕ್ಷಣ ತನ್ನ ಆಡಳಿತದ ಸ್ವತ್ತೆಂದು ಸಾಧಿಸುತ್ತಿದ್ದ. ಹನ್ನೊಂದನೆಯ ಪಯಸರು 1929ರ ಡಿಸೆಂಬರ್ 31ರಂದು ಶಿಕ್ಷಣವನ್ನು ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ, ಮನುಷ್ಯನು ಸೇರುವ ಮೂರು ಸಮಾಜಗಳೆಂದು ಕುಟುಂಬ, ರಾಜ್ಯ, ಧರ್ಮಸಭೆಗಳನ್ನು ಹೆಸರಿಸಿ, ಮಕ್ಕಳ ಶಿಕ್ಷಣದಲ್ಲಿ ಕುಟುಂಬದ ಹಕ್ಕು ರಾಜ್ಯದ ಹಕ್ಕಿಗಿಂತ ಮೊದಲಿನದೆಂದು ಸಾರಿದರು. ಆಧಾರವಾಗಿ ಓರೆಗಾನ್ ತೀರ್ಪನ್ನೇ ಉಲ್ಲೇಖಿಸಿದರು, ಅಕ್ವಿನಾಸರನ್ನೂ ಉಲ್ಲೇಖಿಸಿದರು. ಕುಟುಂಬದ ಈ ಹಕ್ಕನ್ನು ಧರ್ಮಸಭೆ ಎಷ್ಟು ಜಾಗರೂಕತೆಯಿಂದ ಕಾಪಾಡುತ್ತದೆಂಬುದಕ್ಕೆ ನಿದರ್ಶನವಾಗಿ, ವಿಶೇಷ ಸಂದರ್ಭಗಳ ಹೊರತು ಅಕ್ರೈಸ್ತರ ಮಕ್ಕಳಿಗೆ ಹೆತ್ತವರ ಇಚ್ಛೆಗೆ ವಿರುದ್ಧವಾಗಿ ಜ್ಞಾನಸ್ನಾನ ಕೊಡಲು ಅದು ಸಮ್ಮತಿಸುವುದಿಲ್ಲವೆಂದೂ ಬರೆದರು. ಬೊಲೊನ್ಯದ ಆ ಸಂಜೆಗೆ ಆಗ 71 ವರ್ಷ. ಎದ್ಗಾರ್ದೊ ಇನ್ನೂ ಬದುಕಿದ್ದರು. ಅವರು ಆ ಪತ್ರವನ್ನು ಓದಿದ್ದರೆ ಏನನ್ನಿಸಿತೋ ಎಂದು ಊಹಿಸುತ್ತಾ ನಾನು ಎಷ್ಟೋ ಹೊತ್ತು ಕುಳಿತಿದ್ದೇನೆ.

ನಮ್ಮ ನಾಡಿನಲ್ಲಿಯೂ ಈ ಪ್ರಶ್ನೆ ಬಂದದ್ದುಂಟು. ಪ್ರಾಥಮಿಕ ಶಾಲೆಯ ಮೊದಲ ನಾಲ್ಕು ತರಗತಿಗಳಲ್ಲಿ ಮಾತೃಭಾಷೆ ಇಲ್ಲವೇ ಕನ್ನಡವೇ ಮಾಧ್ಯಮವಾಗಬೇಕೆಂಬ ಕರ್ನಾಟಕ ಸರಕಾರದ 1994ರ ಆದೇಶವು, ಖಾಸಗಿ ಶಾಲೆಗಳ ಮೇಲೆ ಅದನ್ನು ಹೇರಲಾಗದೆಂಬ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತೀರ್ಪಿನಿಂದ 2014ರ ಮೇ 6ರಂದು ಬಿದ್ದುಹೋಯಿತು. ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ಹೆತ್ತವರದು ಎಂದಿತು ನ್ಯಾಯಪೀಠ. ಕನ್ನಡಿಗನಾಗಿ ಅಂದು ನನಗೆ ಸಂಕಟವಾಯಿತು. ಕನ್ನಡದಲ್ಲಿ ಕಲಿತವನಾದ ನಾನು ಎಲ್ಲ ಮಕ್ಕಳೂ ಕನ್ನಡದಲ್ಲಿಯೇ ಅಕ್ಷರ ತಿದ್ದಲಿ ಎಂದು ಬಯಸುತ್ತೇನೆ. ಆದರೆ ಓರೆಗಾನಿನಲ್ಲಿ ಎತ್ತಿಹಿಡಿದ ನ್ಯಾಯವನ್ನು ನನ್ನ ಪ್ರೀತಿಯ ಭಾಷೆಯ ವಿಷಯ ಬಂದಾಗ ಕೆಳಗಿಡಲು ನನ್ನಿಂದಾಗದು. ಹೆತ್ತವರ ಮನವೊಲಿಸುವುದು ಬೇರೆ, ಅವರನ್ನು ದಾಟಿ ಹೋಗುವುದು ಬೇರೆ.

ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಅಂಗೀಕರಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ, ಮಕ್ಕಳ ಧಾರ್ಮಿಕ ಶಿಕ್ಷಣವನ್ನು ನಿರ್ಧರಿಸುವ ಹಕ್ಕು ತಂದೆತಾಯಿಗಳದೆಂದು ಹೇಳಿದೆ. ಕಥೋಲಿಕ ತಂದೆತಾಯಿಗಳದು ಮಾತ್ರವೆಂದು ಹೇಳಿಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 868ನೆಯ ವಿಧಿಯ ಪ್ರಕಾರ ಶಿಶುವಿನ ಜ್ಞಾನಸ್ನಾನಕ್ಕೆ ತಂದೆತಾಯಿಗಳಲ್ಲಿ ಒಬ್ಬರಾದರೂ ಸಮ್ಮತಿಸಬೇಕು. ಆದರೂ ಅದೇ ವಿಧಿಯ ಎರಡನೆಯ ಭಾಗ, ಮಗು ಸಾವಿನ ಅಂಚಿನಲ್ಲಿದ್ದರೆ ಹೆತ್ತವರ ಇಚ್ಛೆಗೆ ವಿರುದ್ಧವಾಗಿಯೂ ಜ್ಞಾನಸ್ನಾನ ಕೊಡಬಹುದೆನ್ನುತ್ತದೆ. ಬೊಲೊನ್ಯದ ಕೆಲಸದ ಹುಡುಗಿ ನೀರು ಚಿಮುಕಿಸಿದ ಬಾಗಿಲು ಇನ್ನೂ ಪೂರ್ತಿ ಮುಚ್ಚಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರು ಈ ಬಗ್ಗೆ ಕೇಳಿದಾಗಲೆಲ್ಲ, ತಂದೆತಾಯಿಗಳನ್ನು ಕೇಳದೆ ಮಾಡಬೇಡಿ, ಕೂಸಿಗಾಗಿ ಪ್ರಾರ್ಥಿಸಿ, ದೇವರ ಕರುಣೆ ನಿಮ್ಮ ಬಟ್ಟಲಿನ ನೀರಿಗೆ ಕಟ್ಟುಬಿದ್ದಿಲ್ಲ ಎಂದೇ ಹೇಳುತ್ತಾ ಬಂದಿದ್ದೇನೆ. ಕಾನೂನು ಬಲ್ಲ ಸಹೋದರ ಗುರುಗಳು ನನ್ನನ್ನು ತಿದ್ದುವುದಾದರೆ ತಿದ್ದಲಿ.

2000ದ ಸೆಪ್ಟೆಂಬರ್ 3ರಂದು ಒಂಬತ್ತನೆಯ ಪಯಸರನ್ನು ಪುನೀತರೆಂದು ಘೋಷಿಸಲಾಯಿತು. ಯೆಹೂದ್ಯ ಸಮುದಾಯ ಪ್ರತಿಭಟಿಸಿತು, ಮೊರ್ತಾರಾ ವಂಶಸ್ಥರೂ ನೊಂದು ಮಾತನಾಡಿದರು. ಅದೇ ವರ್ಷದ ಮಾರ್ಚಿನಲ್ಲಿ ಎರಡನೆಯ ಜಾನ್ ಪಾಲರು ಧರ್ಮಸಭೆಯ ಮಕ್ಕಳ ಗತಕಾಲದ ತಪ್ಪುಗಳಿಗಾಗಿ ದೇವರಲ್ಲಿ ಬಹಿರಂಗವಾಗಿ ಕ್ಷಮೆ ಯಾಚಿಸಿದ್ದರು. ಎರಡೂ ಒಂದೇ ವರ್ಷದಲ್ಲಿ ನಡೆದವು. 2023ರಲ್ಲಿ ಇಟಲಿಯ ನಿರ್ದೇಶಕ ಮಾರ್ಕೊ ಬೆಲ್ಲೊಕ್ಕಿಯೊ ಈ ಕಥೆಯನ್ನು ಚಲನಚಿತ್ರವಾಗಿಸಿದಾಗ ಹಳೆಯ ವಾದಗಳು ಮತ್ತೆ ಎದ್ದವು.

ಎದ್ಗಾರ್ದೊ ಸ್ವತಃ ದೂರಲಿಲ್ಲ. ಅಗಸ್ಟೀನಿಯನ್ ಪರಂಪರೆಯ ಮಠವೊಂದನ್ನು ಸೇರಿ, ಪೋಪರ ಮೇಲಣ ಅಭಿಮಾನದಿಂದ ಪಯಸ್ ಎಂಬ ಹೆಸರಿಟ್ಟುಕೊಂಡು, 1873ರಲ್ಲಿ ಯಾಜಕರಾದರು. ಹಲವು ಭಾಷೆಗಳಲ್ಲಿ ಬೋಧಿಸಬಲ್ಲವರಾಗಿದ್ದರು. ತಮಗಾದದ್ದು ಕೃಪೆಯೆಂದೇ ಕೊನೆಯವರೆಗೂ ಹೇಳಿದರು. ಅದು ಅವರು ಹೇಳಬಹುದಾದ ಮಾತು. ಅವರ ಪರವಾಗಿ ನಾವು ಹೇಳಬಹುದಾದ ಮಾತಲ್ಲ. ತಂದೆ ಮೊಮೊಲೊ 1871ರಲ್ಲಿಯೇ ತೀರಿಕೊಂಡಿದ್ದ. 1878ರಲ್ಲಿ ಮಗ ಫ್ರಾನ್ಸಿನ ಪೆರ್ಪಿನ್ಯಾನ್ ಪಟ್ಟಣದಲ್ಲಿ ಬೋಧಿಸುತ್ತಿದ್ದಾನೆಂದು ತಿಳಿದು ವಿಧವೆ ಮರಿಯಾನ್ನಾ ಅಲ್ಲಿಗೆ ಹೋದರು. ಇಪ್ಪತ್ತು ವರ್ಷಗಳ ನಂತರ ತಾಯಿಮಕ್ಕಳು ಯಾರ ಕಾವಲೂ ಇಲ್ಲದೆ ಭೇಟಿಯಾದರು. ತಾಯಿಯೂ ಕ್ರೈಸ್ತಳಾಗಲಿ ಎಂದು ಮಗ ಹಂಬಲಿಸಿದ. ಆಕೆ ಮಗನನ್ನು ಪ್ರೀತಿಸಿದರು, ಯೆಹೂದ್ಯಳಾಗಿಯೇ ಉಳಿದರು, 1890ರಲ್ಲಿ ಯೆಹೂದ್ಯಳಾಗಿಯೇ ತೀರಿಕೊಂಡರು.

ಫಾದರ್ ಪಯಸ್ ಎದ್ಗಾರ್ದೊ ಮೊರ್ತಾರಾ 1940ರ ಮಾರ್ಚ್ 11ರಂದು ಬೆಲ್ಜಿಯಮಿನ ಲಿಯೇಜ್ ಬಳಿಯ ಮಠದಲ್ಲಿ 88ನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಎರಡು ತಿಂಗಳ ನಂತರ, ಮೇ 10ರಂದು, ಹಿಟ್ಲರನ ಸೇನೆ ಬೆಲ್ಜಿಯಮಿನ ಗಡಿ ದಾಟಿತು. ಆ ಸೇನೆಯ ಕಾನೂನಿಗೆ ಜ್ಞಾನಸ್ನಾನವಾಗಲಿ ಯಾಜಕಾಭಿಷೇಕವಾಗಲಿ ಲೆಕ್ಕಕ್ಕಿರಲಿಲ್ಲ. ಅಜ್ಜ ಅಜ್ಜಿಯರು ಯಾರು ಎಂದಷ್ಟೇ ಅದು ಕೇಳುತ್ತಿತ್ತು.